ರಾಹುಕಾಲ ನೋಡುವ ಕಳ್ಳ

“ರಾಹುಕಾಲ ಕಣೋ ಆಶ್ರಿತ್, ರಾಹುಕಾಲ!”

ಮೈತ್ರಿ ಎದ್ದ ರಭಸಕ್ಕೆ ಪ್ಲಾಸ್ಟಿಕ್ ಸ್ಟೂಲು ಉರುಳಿ ಸಿಂಕಿನ ಕೆಳಗೆ ಹೋಗಿ ಬಿತ್ತು. ಆಶ್ರಿತ್ ಬೆಚ್ಚಿಬಿದ್ದು ತುಟಿಗೆ ಬೆರಳಿಟ್ಟ. ಗೋಡೆಯಾಚೆ ಹಾಲಿನಲ್ಲಿ ಲೈವ್ ಪಾಠ ನಡೆಯುತ್ತಿತ್ತು.

ಬನಶಂಕರಿ ಮೂರನೇ ಸ್ಟೇಜಿನ ಆ ಮನೆಯ ಮೊದಲ ಮಹಡಿಯಲ್ಲಿ ಹಾಲು ಸಂಜೀವಯ್ಯ ಮೇಷ್ಟ್ರ ಪಾಠಶಾಲೆ, ಅಡುಗೆಮನೆ ಆಶ್ರಿತ್‌ನ ಕಂಟ್ರೋಲ್ ರೂಮು. ಗ್ಯಾಸ್ ಒಲೆ ಇರಬೇಕಾದ ಗ್ರಾನೈಟ್ ಕಟ್ಟೆಯ ಮೇಲೆ ಲ್ಯಾಪ್‌ಟಾಪು, ಮೈಕು, ವೈರುಗಳ ಗೊಂಚಲು. ಬಡವರ ಮಕ್ಕಳಿಗೆ ಸರ್ಕಾರಿ ಕೆಲಸದ ಪರೀಕ್ಷೆಗೆ ಮೇಷ್ಟ್ರು ಪುಕ್ಕಟೆ ಪಾಠ ಹೇಳುವುದು ಇಲ್ಲಿಂದಲೇ. ಕಳೆದ ಭಾನುವಾರ ಲೈವ್ ನಡುವೆ, ಯಾರೂ ಮೌಸ್ ಮುಟ್ಟದೆ, ಅದೇ ಮೇಷ್ಟ್ರು ಬಡಮಕ್ಕಳನ್ನು ಹೀಯಾಳಿಸುವ ತುಣುಕೊಂದು ತೆರೆಯ ಮೇಲೆ ತಾನೇ ತಾನಾಗಿ ಬಂದಿತ್ತು. ಮೂವತ್ತು ವರ್ಷ ಸಂಪಾದಿಸಿದ ಮಾನ ಒಂದೇ ಸಂಜೆಗೆ ಮಣ್ಣುಪಾಲಾಯಿತು. ಈ ಭಾನುವಾರದ್ದೇ ಕೊನೆಯ ಪಾಠ ಎಂದು ಮೇಷ್ಟ್ರು ಶುರುವಿನಲ್ಲೇ ಹೇಳಿಬಿಟ್ಟಿದ್ದರು.

“ಅಕ್ಕ, ಮೆತ್ತಗೆ. ಮೈಕಿಗೆ ಕೇಳ್ಸುತ್ತೆ,” ಎಂದ ಆಶ್ರಿತ್.

“ಕೇಳ್ಸಲಿ ಬಿಡು. ಇಲ್ಲಿ ನೋಡು!”

ಮೈತ್ರಿಯ ಉತ್ಸಾಹ ತಡೆಯುವಂತಿರಲಿಲ್ಲ. ಅವಳು ಹತ್ತು ವರ್ಷ ಟೀವಿ ಚಾನೆಲೊಂದರಲ್ಲಿ ಕ್ಯಾಮರಾ ಬದಲಿಸುವ ಪ್ಯಾನೆಲ್ ಮುಂದೆ ಕೂತವಳು. ಅದು ಬೇಜಾರಾಗಿ ಜಯನಗರದಲ್ಲಿ ಪತ್ತೇದಾರಿ ಆಫೀಸು ತೆರೆದಳು. ಬರುತ್ತಿದ್ದುದೆಲ್ಲ ಮದುವೆ ಕೇಸುಗಳೇ: ಹುಡುಗ ಕುಡಿಯುತ್ತಾನಾ, ಹುಡುಗಿಗೆ ಮೊದಲೇ ನಿಶ್ಚಯ ಆಗಿತ್ತಾ. ಅಂಥವಳ ಕೈಗೆ ಮೇಷ್ಟ್ರ ಮಗಳು ರೇಖಾ ಬಂದು ಈ ಕೇಸು ಕೊಟ್ಟಿದ್ದಳು. ಸಿಕ್ಕಿದ್ದೇ ಸೀರುಂಡೆ ಅಂತ ಮೈತ್ರಿ ಹಿಡಿದುಕೊಂಡುಬಿಟ್ಟಿದ್ದಳು.

ಈಗ ಅವಳ ಬೆರಳು ಲ್ಯಾಪ್‌ಟಾಪಿನ ಮೂಲೆಯಲ್ಲಿ ಅಡಗಿದ್ದ ಒಂದು ಫೋಲ್ಡರಿನ ಮೇಲಿತ್ತು. ಅದನ್ನು ಅವಳು ಪತ್ತೆ ಮಾಡಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಅದರ ತುಂಬ ಆಶ್ರಿತ್‌ಗೆ ಗೊತ್ತೇ ಇಲ್ಲದ ರೆಕಾರ್ಡಿಂಗುಗಳು. ಎಲ್ಲವೂ ಮೇಷ್ಟ್ರು ಪಾಠಕ್ಕೆ ಮೊದಲು ಖಾಲಿ ಹಾಲಿನಲ್ಲಿ ಒಬ್ಬರೇ ಮಾಡುವ ತಾಲೀಮು.

ಮೇಷ್ಟ್ರ ತಾಲೀಮಿನ ರೀತಿಯೇ ಬೇರೆ. ಮೊದಲು ಎದುರು ಪಕ್ಷದವರು ಏನನ್ನುತ್ತಾರೋ ಅದನ್ನು ತಾವೇ ಅವರಾಗಿ, ಎದೆ ಉಬ್ಬಿಸಿಕೊಂಡು ಹೇಳುತ್ತಿದ್ದರು. ಆಮೇಲೆ ಅದನ್ನು ಎಳೆ ಎಳೆಯಾಗಿ ಬಿಡಿಸಿ ಹರಿದುಹಾಕುತ್ತಿದ್ದರು. ಎದುರಾಳಿಯ ಮಾತನ್ನು ಅರೆಮನಸ್ಸಿನಿಂದ ಆಡಿದರೆ ಉತ್ತರವೂ ಅರೆಬರೆಯಾಗುತ್ತದೆ ಎಂಬುದು ಅವರ ನಂಬಿಕೆ. ಕಳ್ಳ ಮೊದಲರ್ಧ ಕತ್ತರಿಸಿ ಲೋಕಕ್ಕೆ ತೋರಿಸಿದ್ದ. ಮೇಷ್ಟ್ರು “ಅದು ತಾಲೀಮು” ಅಂದರೆ ಯಾರು ನಂಬುತ್ತಾರೆ?

“ರೆಕಾರ್ಡ್ ಶುರುವಾದ ದಿನ, ಹೊತ್ತು ಕಂಪ್ಯೂಟರೇ ಬರ್ಕೊಂಡಿದೆ. ಮಂಗಳವಾರ ಇದೆ, ಶುಕ್ರವಾರ ಇದೆ. ಭಾನುವಾರ, ಗುರುವಾರ ಮಾತ್ರ ಒಂದೂ ಇಲ್ಲ. ಯಾಕೆ?”

“ಯಾಕೆ?”

“ಭಾನುವಾರ ಮೇಷ್ಟ್ರು ತಾಲೀಮು ಮಾಡೋದು ನಾಲ್ಕೂವರೆ ಮೇಲೆ. ಆರರವರೆಗೂ ರಾಹುಕಾಲ. ಗುರುವಾರ ಊಟ ಆದ್ಮೇಲೆ. ಅದೂ ರಾಹುಕಾಲ. ಹೋದ ಭಾನುವಾರ ಲೈವ್ ಶುರುವಾಗಿದ್ದು ಐದಕ್ಕೆ. ಜನ ಗಿಜಿಗುಡ್ತಿದ್ರು. ಆಗಲೇ ಆ ತುಣುಕು ಬಿಡ್ಬೋದಿತ್ತು ತಾನೇ? ಆರರವರೆಗೂ ಯಾಕೆ ಕಾದ?”

ಆಶ್ರಿತ್‌ನ ಬಾಯಿ ತೆರೆದದ್ದು ಮುಚ್ಚಲಿಲ್ಲ. “ಗುರೂ... ಕಳ್ತನಕ್ಕೂ ಮುಹೂರ್ತ ನೋಡ್ತಾನಾ?”

“ನೋಡ್ತಾನೆ. ನೀನು ನೋಡ್ತೀಯಾ?”

“ನಾನಾ? ಬೈಕ್ ಡೆಲಿವರಿ ತಗೊಂಡಿದ್ದೇ ಅಮಾವಾಸ್ಯೆ ದಿನ ಅಕ್ಕ. ಶೋರೂಮ್ ಖಾಲಿ ಇತ್ತು, ಸಖತ್ತಾಗಿ ನೋಡ್ಕೊಂಡ್ರು.”

ಮೈತ್ರಿ ನಕ್ಕುಬಿಟ್ಟಳು. ಪಾಪ, ವಾರವೆಲ್ಲ ಇವನನ್ನೇ ಕಳ್ಳ ಎಂದು ಜನ ಜಾಲತಾಣದಲ್ಲಿ ಹಿಗ್ಗಾಮುಗ್ಗಾ ಬೈದಿದ್ದರು. ಇನ್ನು ಮೇಷ್ಟ್ರ ಮಾತು ಬೇಡವೇ ಬೇಡ. ಮನೆಯಲ್ಲಿ ಬುದ್ಧನ ಪಟ ಇಟ್ಟವರು, ಬೇಕೆಂದೇ ರಾಹುಕಾಲದಲ್ಲಿ ಪಾಠ ಇಟ್ಟುಕೊಳ್ಳುವ ಮೊಂಡ ಮನುಷ್ಯ.

“ಹಾಗಾದ್ರೆ ಯಾರಕ್ಕ?”

ಮೈತ್ರಿ ಅವನ ಭುಜ ಹಿಡಿದು ಕಿಟಕಿಯ ಬಳಿ ಎಳೆದೊಯ್ದಳು. ಕೆಳಗೆ ಗೇಟಿನ ಮುಂದೆ ಒಂದು ಸಾಮಾನಿನ ಗಾಡಿ ನಿಂತಿತ್ತು. ಮೇಲೆ ಹಗ್ಗ ಬಿಗಿದ ದೊಡ್ಡ ಟ್ರೆಡ್‌ಮಿಲ್. ಡ್ರೈವರು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದ. ಗೇಟಿನ ಒಳಗೆ ಮನೆ ಮಾಲೀಕ ಕೊಟ್ರಪ್ಪ, ಹಣೆ ತುಂಬ ವಿಭೂತಿ, ಕೈಯಲ್ಲಿ ಫೋನು, ಗಳಿಗೆಗೊಮ್ಮೆ ಗಡಿಯಾರ ನೋಡುತ್ತ ಶತಪಥ ತಿರುಗುತ್ತಿದ್ದರು.

“ಐದು ಗಂಟೆಯಿಂದ ಆ ಗಾಡಿ ಅಲ್ಲೇ ಇದೆ. ಒಳಗೆ ಬಿಡ್ತಿಲ್ಲ. ಏನಂಕಲ್ ಅಂತ ಕೇಳ್ದೆ. ‘ಆರಾಗ್ಲಮ್ಮ, ಒಳ್ಳೆ ಸಾಮಾನು ಕೆಟ್ಟ ಹೊತ್ತಲ್ಲಿ ಯಾಕೆ ತರೋದು’ ಅಂದ್ರು.”

“ಟ್ರೆಡ್‌ಮಿಲ್ ಯಾರಿಗೆ?”

“ಮಗ ಕೈಲಾಸ್ ಜಿಮ್ ಮಾಡ್ತಾನಂತೆ. ಈ ಮಹಡೀಲಿ. ಮೇಷ್ಟ್ರು ಖಾಲಿ ಮಾಡೋದಕ್ಕೆ ಮುಂಚೆ ಸಾಮಾನು ಬಂದ್ಬಿಡ್ತು ನೋಡು!”

ಕೆಳಗಿನ ಮಾಲೀಕರ ಮನೆಯ ಬಾಗಿಲ ಮೇಲೆ ಬಸವಣ್ಣನವರ ಪಟ, ಬಾಗಿಲ ಹಿಂದೆ ರಾಹುಕಾಲದ ಕ್ಯಾಲೆಂಡರು. ಕೊಟ್ರಪ್ಪನಂಥವರು ನಮ್ಮೂರಲ್ಲಿ ಬೀದಿಗೆ ಹತ್ತು ಜನ ಸಿಗುತ್ತಾರೆ, ಅದೇನು ಅಪರಾಧವಲ್ಲ. ಆದರೆ ಇವರು ಮಾಡಿರುವ ಕೆಲಸ?

“ಆದ್ರೆ ಅಕ್ಕ, ಅವ್ರಿಗೆ ವಾಟ್ಸಾಪಲ್ಲಿ ಫೋಟೋ ಕಳ್ಸೋಕೂ ನಾನೇ ಬೇಕು,” ಎಂದು ಆಶ್ರಿತ್ ರಾಗ ಎಳೆದ. “ಈ ಲೈವ್ ಸಾಫ್ಟ್‌ವೇರ್‌ಗೆ ಹೊರಗಿಂದ ಆರ್ಡರ್ ಮಾಡ್ಬೋದು, ನಿಜ. ಅದಕ್ಕೆ ಅಂತಾನೇ ರೆಡಿಮೇಡ್ ಲೈಬ್ರರಿ, ಅಂದ್ರೆ ಮೊದ್ಲೇ ಬರೆದಿಟ್ಟ ಕೋಡು, ಸಿಗುತ್ತೆ. ನಾಲ್ಕು ಸಾಲು ಪ್ರೋಗ್ರಾಮ್ ಬರೆದ್ರೆ ಸಾಕು. ಸೀನ್ ಬದಲಾಯ್ಸು ಅಂದ್ರೆ ಬದಲಾಯ್ಸುತ್ತೆ, ರೆಕಾರ್ಡ್ ಶುರು ಮಾಡು ಅಂದ್ರೆ ಮಾಡುತ್ತೆ. ನಾನಿಲ್ಲಿ ಕೈ ಕಟ್ಕೊಂಡು ಕೂತಿರ್ಬೇಕಷ್ಟೆ. ಆದ್ರೆ ಆ ನಾಲ್ಕು ಸಾಲು ಕೊಟ್ರಪ್ಪ ಅಂಕಲ್ ಬರೀತಾರಾ?”

“ಪಾಸ್‌ವರ್ಡ್ ಗೊತ್ತಿರ್ಬೇಕು, ಇದೇ ವೈಫೈನಲ್ಲಿ ಇರ್ಬೇಕು. ಅಷ್ಟೇ ಅಲ್ವಾ ನೀನಂದಿದ್ದು?”

“ಹೂಂ. ಇಡೀ ಬಿಲ್ಡಿಂಗಿಗೆ ಅವ್ರದ್ದೇ ವೈಫೈ.”

“ಹಾಗಾದ್ರೆ ಕಾಯೋಣ. ನಾನು ಹೇಳಿದ್ದು ಮಾಡಿದೀಯ ತಾನೇ?”

ಆಶ್ರಿತ್ ತಲೆಯಾಡಿಸಿದ. ಕಳ್ಳನ ಕತ್ತರಿಸಿದ ತುಣುಕು ಇದ್ದ ಜಾಗದಲ್ಲಿ ಅದೇ ತಾಲೀಮಿನ ಇಡೀ ರೆಕಾರ್ಡಿಂಗನ್ನು ಅವರು ತಂದು ಕೂರಿಸಿದ್ದರು. ಕಳ್ಳ ಇವತ್ತೂ ಬಟನ್ ಒತ್ತಿದರೆ ಪೂರ್ತಿ ಸತ್ಯ ಅವನ ಕೈಯಿಂದಲೇ ಹೊರಗೆ ಬೀಳಬೇಕು. ಈ ಗುಟ್ಟು ಅಡುಗೆಮನೆಯ ಇವರಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ರೇಖಾಳಿಗೂ ಮೈತ್ರಿ ಹೇಳಿರಲಿಲ್ಲ.

ತೆರೆಯ ಬಲಮೂಲೆಯಲ್ಲಿ ಒಂದು ಸಣ್ಣ ಕಿಟಕಿ ತೆರೆದಿತ್ತು. ಹೊರಗಿನಿಂದ ಸಾಫ್ಟ್‌ವೇರ್ ಒಳಗೆ ಯಾರು ಬಂದರೂ ಅಲ್ಲಿ ಒಂದು ಸಾಲು ಮೂಡುತ್ತದೆ, ಪಕ್ಕದಲ್ಲೇ ಅವರನ್ನು ಹೊರಹಾಕುವ ಬಟನ್ನು. ಸದ್ಯಕ್ಕೆ ಅದು ಖಾಲಿ.

ಆರಾಯಿತು.

ಕೆಳಗೆ ಗೇಟು ಕಿರ್ರೆಂದಿತು. ಡ್ರೈವರನ್ನು ಎಬ್ಬಿಸುವ ಕೊಟ್ರಪ್ಪನ ಗಂಟಲು ಕೇಳಿಸಿತು. ಗಾಡಿ ಸ್ಟಾರ್ಟಾಯಿತು.

ಸಣ್ಣ ಕಿಟಕಿಯಲ್ಲಿ ಒಂದು ಸಾಲು ಮೂಡಿತು.

“ಬಂದ! ಅಕ್ಕ, ಬಂದ!” ಆಶ್ರಿತ್ ಮೈತ್ರಿಯ ತೋಳು ಹಿಂಡಿಬಿಟ್ಟ.

ಮೌಸ್ ಮೇಲೆ ಯಾರ ಕೈಯೂ ಇರಲಿಲ್ಲ. ಆದರೂ ತೆರೆಯ ಮೇಲಿದ್ದ ಮೇಷ್ಟ್ರು ಮಾಯವಾಗಿ, ಅದೇ ಮೇಷ್ಟ್ರು ಬೇರೆ ಅಂಗಿಯಲ್ಲಿ ಪ್ರತ್ಯಕ್ಷರಾದರು. “ಗುಡಿಸಲಲ್ಲಿ ಹುಟ್ಟಿದ ಮಕ್ಳಿಗೆ ಈ ಪರೀಕ್ಷೆ ಗಿರೀಕ್ಷೆ ಯಾಕ್ರೀ? ಅವರ ತಲೆಗೆ ಹತ್ತೋದೇ ಅಷ್ಟು!”

ಹಾಲಿನ ಟೀವಿಯಲ್ಲೂ ಅದೇ ಕಂಡು ಪಾಠ ನಿಂತುಹೋಯಿತು; ಲ್ಯಾಪ್‌ಟಾಪಿನ ಪುಟ್ಟ ಚೌಕದಲ್ಲಿ ಹಾಲಿನ ಕ್ಯಾಮರಾ ಕಾಣುತ್ತಲೇ ಇತ್ತು. ಕಾಮೆಂಟುಗಳು ಉಕ್ಕಿ ಬಂದವು. ಮತ್ತೆ ಅದೇ. ನಾಚಿಕೆ ಇಲ್ವಾ. ಥೂ.

“ತೆಗೀಲಾ ಅಕ್ಕ? ಸಾರ್ ನೋಡ್ತಿದಾರೆ, ಎದೆ ಹಿಡ್ಕೊಂಡಿದಾರೆ!”

“ಮುಟ್ಬೇಡ!” ಮೈತ್ರಿ ಅವನ ಕೈ ತಡೆದಳು. ಇದು ಹೊತ್ತಿಗೆ ಸರಿಯಾಗಿ ತಿರುಗದಿದ್ದರೆ ಮೇಷ್ಟ್ರನ್ನು ಎರಡನೇ ಸಲ ಕೊಂದ ಪಾಪ ತನ್ನ ತಲೆಗೇ.

ತುಣುಕು ಹೋದವಾರ ನಿಂತ ಜಾಗಕ್ಕೆ ಬಂತು. ನಿಲ್ಲಲಿಲ್ಲ.

“...ಅಂತಾರೆ,” ಎಂದರು ತೆರೆಯ ಮೇಲಿನ ಮೇಷ್ಟ್ರು, ದನಿ ಬದಲಿಸಿ. “ನನ್ನೆದುರಿಗೇ ಅಂದಿದಾರೆ. ಸ್ವಾಮಿ, ನಾನೂ ಗುಡಿಸಲಲ್ಲೇ ಹುಟ್ಟಿದೋನು. ನಮ್ಮವ್ವ ಸಪ್ಪಲಮ್ಮ ಗಾರೆ ಕೆಲಸಕ್ಕೆ ಹೋದಲ್ಲಿ ಮರಳಿನ ಗುಡ್ಡೆ ಮೇಲೆ ನನ್ನ ಬೆರಳು ಹಿಡಿದು ಅಕ್ಷರ ಬರೆಸಿದೋಳು. ತಲೆಗೆ ಹತ್ತಲ್ಲ ಅಂದೋರು ಯಾರು? ಬನ್ನಿ ಬೋರ್ಡ್ ಹತ್ರ! ಒಂದೊಂದೇ ಮಾತಿಗೆ ಉತ್ತರ ಕೊಡ್ತೀನಿ!”

ಕಾಮೆಂಟುಗಳು ಒಂದು ಕ್ಷಣ ತಬ್ಬಿಬ್ಬಾದವು. ಆಮೇಲೆ ಕಟ್ಟೆ ಒಡೆಯಿತು. ಸಾರ್ ಕ್ಷಮಿಸಿ. ಅಯ್ಯೋ ಅರ್ಧ ಕತ್ತರಿಸಿದ್ರಾ? ಸಾರ್ ಪಾಠ ನಿಲ್ಲಿಸಬೇಡಿ. ಸಾರ್, ಸಾರ್, ಸಾರ್. ಓದಲು ಆಗದಷ್ಟು ವೇಗ. ಆಶ್ರಿತ್ ಮುಖ ಮುಚ್ಚಿಕೊಂಡು ಗಳಗಳನೆ ಅತ್ತ. ಮೈತ್ರಿಗೆ ಕುಣಿದಾಡುವಷ್ಟು ಖುಷಿಯಾಯಿತು.

ಮೆಟ್ಟಿಲ ಮೇಲೆ ಧಡಧಡ ಚಪ್ಪಲಿ ಸದ್ದು. ಅಡುಗೆಮನೆಯ ಬಾಗಿಲು ದಢಾರನೆ ತೆರೆಯಿತು.

“ಯಾರಮ್ಮ ಅದನ್ನ ಬದಲಾಯ್ಸಿದ್ದು?” ಕೊಟ್ರಪ್ಪ ಏದುಸಿರು ಬಿಡುತ್ತ ಗುಡುಗಿದರು.

“ಯಾವುದನ್ನ ಅಂಕಲ್?” ಎಂದಳು ಮೈತ್ರಿ, ಬಲು ನಯವಾಗಿ.

ಆಡಿದ ಮಾತು, ಒಡೆದ ಮುತ್ತು. ಕೊಟ್ರಪ್ಪ ಹಿಂದಕ್ಕೆ ತಿರುಗಿದರು. ಆಶ್ರಿತ್ ಕಣ್ಣೊರೆಸಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದ.

“ಫೋನ್ ಕೊಡಿ.”

“ಏಯ್, ನನ್ ಮನೇಲಿ ನನ್ನೇ ದಬಾಯಿಸ್ತೀಯಾ?”

ಮೈತ್ರಿ ಅವರ ಮುಂಗೈ ಹಿಡಿದು ಫೋನು ಕಿತ್ತುಕೊಂಡಳು. ತೆರೆಯ ಮೇಲೆ ಮೂರೇ ಮೂರು ದಪ್ಪ ಬಟನ್ನು: ರೆಕಾರ್ಡ್ ಶುರು, ರೆಕಾರ್ಡ್ ನಿಲ್ಲಿಸು, ವಿಡಿಯೋ ತೋರಿಸು. ವಯಸ್ಸಾದವರ ಕಣ್ಣಿಗೂ ಕಾಣುವಂಥ ದೊಡ್ಡ ದೊಡ್ಡ ಕನ್ನಡ ಅಕ್ಷರ.

“ನಾನೇನು ಕೊಲೆ ಮಾಡಿದ್ನಾ?” ಕೊಟ್ರಪ್ಪನ ದನಿ ಇಳಿದಿತ್ತು. “ಮೇಷ್ಟ್ರು ತಾಲೀಮು ಶುರು ಮಾಡಿದ್ರೆ ಒಂದನ್ನ ಒತ್ತು, ಮುಗಿದ್ಮೇಲೆ ಇನ್ನೊಂದನ್ನ ಒತ್ತು ಅಂದ್ರು. ಒತ್ತಿದೆ. ಮಹಡಿ ಖಾಲಿ ಆಗುತ್ತೆ, ಹುಡುಗ ಒಂದು ದಾರಿಗೆ ಬರ್ತಾನೆ ಅಂತ ಆಸೆ.”

“ಅಂದ್ರು? ಯಾರಂದ್ರು?”

ಕೊಟ್ರಪ್ಪ ಕೈ ಕೊಸರಿದರು.

ತುಣುಕು ಮುಗಿದಿತ್ತು. ಆಶ್ರಿತ್ ಓಡಿಬಂದು ಹಾಲಿನ ಕ್ಯಾಮರಾಕ್ಕೆ ಬದಲಿಸಿದ. ತೆರೆಯ ಮೇಲೆ ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು. ಮುಖದಲ್ಲಿ ವಾರದ ನಂತರ ನಗು.

“ಮಕ್ಕಳೇ, ಇವತ್ತೇ ಕೊನೆ ಅಂದಿದ್ದೆ. ಆ ಮಾತು ವಾಪಸ್ ತಗೋತೀನಿ.” ಅವರು ಹಿಂದಿನ ಗೋಡೆಯ ಮೇಲೆ ಗಂಧದ ಹಾರ ಹಾಕಿದ್ದ ಯುವಕನ ಫೋಟೋ ತೋರಿಸಿದರು. “ತೀರಿಹೋದ ನನ್ನ ಮಗ ನರೇಂದ್ರನ ನೆನಪಿಗೆ ಶುರು ಮಾಡಿದ ಪಾಠ ಇದು. ನಾನಿರೋವರೆಗೂ ನಡೆಯುತ್ತೆ. ಬಾ ರೇಖಾ, ಇಲ್ಲಿ ಕೂತ್ಕೋ. ಊರೆಲ್ಲ ಉಗಿದಾಗ ನನ್ನ ಜೊತೆ ನಿಂತೋಳು ಇವಳೊಬ್ಳೇ.”

ಕ್ಯಾಮರಾ ಹಿಂದೆ ನೀರಿನ ಬಾಟಲು ಹಿಡಿದು ಕೂತಿದ್ದ ರೇಖಾ ಎದ್ದು ಬಂದು ಅಪ್ಪನ ಪಕ್ಕದಲ್ಲಿ ಕೂತಳು. ಮಡಿಲಲ್ಲಿ ಫೋನು. ಮುಖದಲ್ಲಿ ಸಂತೋಷವಾಗಲಿ ಅಳುವಾಗಲಿ ಇರಲಿಲ್ಲ. ಮೈತ್ರಿಗೆ ಅದು ಯಾಕೋ ಸರಿ ಅನ್ನಿಸಲಿಲ್ಲ.

ಕೊಟ್ರಪ್ಪ ತೆರೆ ನೋಡಿ ಕಹಿಯಾಗಿ ನಕ್ಕರು. “ಜೊತೆ ನಿಂತೋಳಂತೆ.”

“ಏನು ಹಾಗಂದ್ರೆ?” ಮೈತ್ರಿ ಇನ್ನೂ ಅವರ ಕೈ ಬಿಟ್ಟಿರಲಿಲ್ಲ.

ಆಗಲೇ ಆಶ್ರಿತ್ ಚೀರಿದ. “ಅಕ್ಕ! ಇನ್ನೊಬ್ರು ಒಳಗೆ ಬಂದ್ರು!”

ಸಣ್ಣ ಕಿಟಕಿಯಲ್ಲಿ ಎರಡನೆಯ ಸಾಲು ಮೂಡಿತ್ತು. ಕೊಟ್ರಪ್ಪನ ಫೋನು ಮೈತ್ರಿಯ ಕೈಯಲ್ಲೇ ಇತ್ತು. ಹಾಗಾದರೆ ಇದು ಯಾರು? ನೋಡುನೋಡುತ್ತಿದ್ದಂತೆ ಲೈವ್ ಮತ್ತೆ ಬದಲಾಯಿತು. ಮಕ್ಕಳ ಪ್ರಶ್ನೆಗಳನ್ನು ಆಶ್ರಿತ್ ಓದಲೆಂದು ಈ ಲ್ಯಾಪ್‌ಟಾಪಿನ ಕ್ಯಾಮರಾಕ್ಕೂ ಒಂದು ಸೀನ್ ಇತ್ತು. ಈಗ ಸಾವಿರಾರು ಜನರ ಮುಂದೆ ಅಡುಗೆಮನೆ, ಸಿಂಕು, ಮುದುಕನ ಕೈ ತಿರುಚಿ ಹಿಡಿದ ಮೈತ್ರಿ. ಮೈಕೂ ಆನ್.

ಬೆನ್ನು ತಿರುಗಿಸಿ ನಿಂತ ಕೊಟ್ರಪ್ಪನಿಗೆ ಅದೊಂದೂ ಕಾಣಲಿಲ್ಲ. ಅವಮಾನಕ್ಕೆ ಅವರ ಸಿಟ್ಟು ನೆತ್ತಿಗೇರಿತ್ತು. “ಕೇಳಮ್ಮ ಹಾಗಾದ್ರೆ! ಈ ಬಟನ್ ಮಾಡಿ ನನ್ ಫೋನಿಗೆ ಹಾಕ್ಕೊಟ್ಟಿದ್ದು, ಆ ತುಣುಕು ಕತ್ತರಿಸಿದ್ದು, ಎಲ್ಲ ಅದೇ ಮೇಷ್ಟ್ರ ಮಗಳು. ರೇಖಮ್ಮ!”

ಗೋಡೆಯಾಚೆ ಕುರ್ಚಿಯೊಂದು ಕಿರುಗುಟ್ಟಿತು.

ಮೈತ್ರಿ ಕೊಟ್ರಪ್ಪನ ಕೈ ಬಿಟ್ಟು ತೆರೆಗೆ ಬಾಗಿದಳು. ಸೀನ್ ತಾನಾಗಿ ಹಾಲಿಗೆ ಮರಳಿತು. ರೇಖಾಳ ಹೆಬ್ಬೆರಳು ಮಡಿಲಿನ ಫೋನಿನ ಮೇಲಿತ್ತು. ಎರಡನೆಯ ಸಾಲು ಅವಳದೇ. ಕೇಸು ಕೊಟ್ಟವಳೇ ಕಳ್ಳಿ! ಮದುವೆ ಕೇಸುಗಳಲ್ಲಿ ನೂರು ಜನರ ಸುಳ್ಳು ಹಿಡಿದವಳು ಇವಳ ಮುಂದೆ ಬೇಸ್ತುಬಿದ್ದಿದ್ದಳು.

“ನೀನಾ?” ಎಂದರು ಮೇಷ್ಟ್ರು.

“ನಾನೇ ಅಪ್ಪ.”

“ಯಾಕಮ್ಮ?”

“ಯಾಕೆ ಅಂತ ನಿಮಗೆ ಗೊತ್ತು. ಎಲ್ರಿಗೂ ಹೇಳ್ಲಾ?”

ಮೇಷ್ಟ್ರ ಮುಖ ಸುಣ್ಣದಂತೆ ಬಿಳಿಚಿತು. ಊರೆಲ್ಲ ಉಗಿದಾಗಲೂ ಬಾಗದ ಆಳು ಈಗ ಮೇಜು ಹಿಡಿದು ನಿಂತರು. “ಆಶ್ರಿತ್! ಲೈವ್ ನಿಲ್ಸು! ಮೊದ್ಲು ನಿಲ್ಸು!”

ಆಶ್ರಿತ್ ಬಟನ್ ಒತ್ತಿದ. ಲೈವ್ ನಿಂತಿತು. ರೇಖಾಳ ಹೆಬ್ಬೆರಳು ಅಲುಗಿತು. ಲೈವ್ ಮತ್ತೆ ಶುರುವಾಯಿತು. ಅವನು ನಿಲ್ಲಿಸಿದ, ಅವಳು ಹಚ್ಚಿದಳು.

“ಅಕ್ಕ, ಪಾಸ್‌ವರ್ಡ್ ಬದಲಾಯ್ಸಿ ಅವ್ರನ್ನ ಹೊರಗೆ ಹಾಕ್ಬಿಡೋಣ. ಮತ್ತೆ ಬರೋಕಾಗಲ್ಲ.” ಆಶ್ರಿತ್‌ನ ಬೆರಳುಗಳು ಕೀಲಿಗಳ ಮೇಲೆ ಹಾರಾಡಿದವು. “ಆಯ್ತು, ಬದಲಾಯ್ಸಿದೆ. ಇನ್ನು ಒಂದೇ ಕ್ಲಿಕ್ಕು. ನೀವೇ ಹೇಳಿ.”

ಮೈತ್ರಿ ಮೌಸ್ ಹಿಡಿದಳು. ಬಾಣ ಎರಡನೆಯ ಸಾಲಿನ ಪಕ್ಕದ ಬಟನ್ನಿನ ಮೇಲೆ ನಿಂತಿತು.

ರೇಖಾ ನೇರ ಕ್ಯಾಮರಾ ನೋಡಿದಳು. “ಮೈತ್ರಿ ಮೇಡಂ, ಕೇಳಿಸ್ಕೊಳ್ತಿದೀರಿ ಅಂತ ಗೊತ್ತು. ನನ್ನನ್ನ ಹಿಡೀಲಿ ಅಂತಾನೇ ನಿಮ್ಮನ್ನ ಕರೆಸಿದ್ದು. ನಾನೇ ಬಂದು ಹೇಳಿದ್ರೆ ಹುಡುಗಿಗೆ ತಲೆ ಕೆಟ್ಟಿದೆ ಅಂತ ಬಾಯಿ ಮುಚ್ಚಿಸ್ತಿದ್ರು. ಇಲ್ಲೀವರೆಗೂ ಹಾಗೇ ಮಾಡಿದಾರೆ. ಎಲ್ರ ಕಣ್ಣು ಇಲ್ಲಿರೋವಾಗಲೇ ಹೇಳ್ಬೇಕು ಅಂತ ಇಷ್ಟೆಲ್ಲ ಮಾಡಿದೆ. ದಯವಿಟ್ಟು ನಿಲ್ಲಿಸ್ಬೇಡಿ.”

“ಮೇಡಂ!” ಮೇಷ್ಟ್ರು ಗೋಡೆಯ ಕಡೆ ತಿರುಗಿ ನಿಜವಾಗಿಯೂ ಕೈ ಮುಗಿದರು. “ನಿಮ್ಮ ಕಾಲಿಗೆ ಬೀಳ್ತೀನಿ, ನಿಲ್ಸಿ. ಈಗಷ್ಟೇ ಮಾನ ವಾಪಸ್ ಬಂದಿದೆ.”

ಮೈತ್ರಿಯೇ ತಂದುಕೊಟ್ಟ ಮಾನ ಅದು. ಒಂದು ಕ್ಲಿಕ್ಕು, ಮೇಷ್ಟ್ರು ಉಳಿಯುತ್ತಾರೆ. ತಪ್ಪು ಮಾಡಿದವಳು ಸಿಕ್ಕಿದ್ದಾಳೆ, ಕೇಸು ಮುಗಿದಿದೆ. ಇನ್ನೇನು ಬೇಕು?

ಆದರೆ ಆ ಹುಡುಗಿ ಹೆದರಿರಲಿಲ್ಲ. ಹೆದರಿದ್ದವರು ಮೇಷ್ಟ್ರು.

ಮೈತ್ರಿ ಮೌಸಿನಿಂದ ಕೈ ತೆಗೆದಳು.

ರೇಖಾ ಎದ್ದಳು. ಗೋಡೆಯ ಫೋಟೋದಿಂದ ಗಂಧದ ಹಾರ ಬಿಡಿಸಿ ಅಪ್ಪನ ಮುಂದೆ ಮೇಜಿನ ಮೇಲಿಟ್ಟಳು.

“ನಮ್ಮಣ್ಣ ಸತ್ತಿಲ್ಲ,” ಎಂದಳು. “ಎಲ್ಲಿದಾನೆ ಅಂತ ಇವರನ್ನೇ ಕೇಳಿ.”